ಹಟ್ಟಿಯ ಬಾಗಿಲಲ್ಲಿ ಚಿರತೆ

ಬಂಟ್ವಾಳ, ಬೆಳ್ತಂಗಡಿ, ಮೂಡಬಿದ್ರೆ ತಾಲೂಕುಗಳ ವರ್ತಮಾನಗಳನ್ನು ದಿನವೂ ಓದುವವರಿಗೆ ಒಂದು ಸುದ್ದಿಯು ಕಂಠಪಾಠವಾಗಿಬಿಟ್ಟಿದೆ. ಇಂಥ ಊರಿನಲ್ಲಿ ರಾತ್ರಿ ಚಿರತೆಯು ಮನೆಯಂಗಳಕ್ಕೆ ಬಂದು ಕಟ್ಟಿಹಾಕಿದ್ದ ನಾಯಿಯನ್ನು ಎತ್ತಿಕೊಂಡು ಹೋಯಿತು, ಊರವರು ಭಯಗ್ರಸ್ತರಾಗಿದ್ದಾರೆ, ಅರಣ್ಯ ಇಲಾಖೆಯವರು ಬೋನು ಇಟ್ಟಿದ್ದಾರೆ. ಊರಿನ ಹೆಸರೊಂದು ಬದಲಾಗುತ್ತದೆ, ಉಳಿದುದೆಲ್ಲವೂ ಅದೇ. ಚಿರತೆಯು ಬೋನಿಗೆ ಬಿದ್ದರೆ ಮರುದಿನ ಅದರ ಚಿತ್ರವು ಅಚ್ಚಾಗುತ್ತದೆ. ಬೀಳದಿದ್ದರೆ ಸುದ್ದಿಯು ತಾನಾಗಿಯೇ ಅಡಗುತ್ತದೆ. ಮುಂದಿನ ವರ್ಷ ಪುನಃ ಅದೇ ಕತೆ. ಒಂದೇ ಔಷಧವನ್ನು ಇಷ್ಟು ಕಾಲ ಕೊಟ್ಟರೂ ರೋಗವು ವಾಸಿಯಾಗಲಿಲ್ಲವೆಂದ ಮೇಲೆ, ಕೊಡುತ್ತಿರುವ ಔಷಧವು ಸರಿಯಾದುದೇ ಎಂದು ವಿಚಾರಿಸಬೇಕಾದುದು ನ್ಯಾಯ. ಈ ವಿಚಾರವನ್ನು ನಮ್ಮ ವಾಚಕರ ಮುಂದೆಯೂ, ಅಧಿಕಾರಸ್ಥರ ಮುಂದೆಯೂ ಇಡಲು ಬಯಸುತ್ತೇವೆ.

ಮೊದಲಾಗಿ ಒಂದು ಮಾತು. ಹಳ್ಳಿಗರ ಹೆದರಿಕೆಯನ್ನು ಹಗುರವಾಗಿ ಕಾಣುವವರ ಸಾಲಿನಲ್ಲಿ ನಾವಿಲ್ಲ. ಪೇಟೆಯಲ್ಲಿ ಬಾಗಿಲಿಕ್ಕಿಕೊಂಡು ಮಲಗುವವನಿಗೆ ಮೃಗದಯೆಯ ಉಪದೇಶವು ಸುಲಭ. ಬೆಳಕು ಹರಿಯುವ ಮುಂಚೆ ತಲೆಗೆ ದೀಪ ಕಟ್ಟಿಕೊಂಡು ರಬ್ಬರು ತೋಟದೊಳಗೆ ಹಾಲು ಇಳಿಸುವುದಕ್ಕೆ ಹೋಗುವ ಕೂಲಿಗಾರನ ಪಾಡು ಬೇರೆ. ಮುಂಜಾವಿನಲ್ಲಿ ಹಾಲಿನ ಸೊಸೈಟಿಗೆ ತಂಬಿಗೆ ಹಿಡಿದು ನಡೆಯುವ ಹೆಂಗಸಿನ ಪಾಡು ಬೇರೆ. ಗುಡ್ಡದ ಕಾಲುದಾರಿಯಲ್ಲಿ ಶಾಲೆಗೆ ಹೋಗುವ ಮಕ್ಕಳನ್ನು ಕಳುಹಿಸಿ, ಸಂಜೆ ಅವರು ಮರಳುವ ತನಕ ದಾರಿ ನೋಡುವ ತಾಯಿಯ ಪಾಡಂತೂ ಹೇಳತಕ್ಕುದಲ್ಲ. ಒಂದು ಕರುವನ್ನು ಕಳೆದುಕೊಂಡರೆ ಬಡವನ ಸಂಸಾರವು ಎಷ್ಟು ಹಿಂದೆ ಬೀಳುತ್ತದೆಂಬುದನ್ನೂ ನಾವು ಬಲ್ಲೆವು. ನಿಜವಾದ ಈ ಭಯಕ್ಕೆ ನಿಜವಾದ ಪರಿಹಾರವೇ ಬೇಕು. ಬೋನಿನ ಮುಂದೆ ನೆರೆದ ಜನರನ್ನು ಸಮಾಧಾನಪಡಿಸುವ ತೋರಿಕೆಯ ಪರಿಹಾರವು ಸಾಲದು.

ಚಿರತೆಯು ನಿನ್ನೆ ಮೊನ್ನೆ ನಮ್ಮ ಸೀಮೆಗೆ ವಲಸೆ ಬಂದ ಪ್ರಾಣಿಯಲ್ಲ. ಪಿಲಿಚಾಮುಂಡಿಗೆ ಕೋಲ ಕೊಡುವ ನಾಡು ಇದು. ಮಾರ್ನೆಮಿಗೆ ಹುಲಿವೇಷ ಕಟ್ಟಿ ಕುಣಿಯುವ ನಾಡು. ಮಂಗಳೂರಿನ ಬಳಿಯ ಪಿಲಿಕುಳವು ಇಂದು ಮೃಗಾಲಯಕ್ಕಾಗಿ ಹೆಸರಾಗಿದ್ದರೂ, ಹುಲಿಯು ನೀರು ಕುಡಿಯಲು ಬರುತ್ತಿದ್ದ ಕೊಳವೆಂಬ ಅರ್ಥವನ್ನು ಆ ಹೆಸರು ಇನ್ನೂ ಹೊತ್ತುಕೊಂಡಿದೆ. ಹುಲಿಗೆ ಪಿಲಿಯೆಂದೂ ಚಿರತೆಗೆ ಚಿಟ್ಟೆಪಿಲಿಯೆಂದೂ ನರಿಗೆ ಕುದ್ಕೆಯೆಂದೂ ಬೇರೆ ಬೇರೆ ಹೆಸರಿಟ್ಟು ಕರೆಯುತ್ತಿದ್ದ ತುಳುವ ರೈತನಿಗೆ ಈ ನೆರೆಹೊರೆಯವರ ಗುರುತು ಚೆನ್ನಾಗಿಯೇ ಇತ್ತು. ಪರಕೀಯರ ಆಳಿಕೆಯಲ್ಲಿ, ನಮ್ಮ ಜಿಲ್ಲೆಯು ಮದ್ರಾಸು ಪ್ರಾಂತ್ಯಕ್ಕೆ ಸೇರಿದ್ದಾಗ, ಹುಲಿ ಚಿರತೆಗಳನ್ನು ಕೊಂದವರಿಗೆ ಸರಕಾರವು ಇನಾಮು ಕೊಡುತ್ತಿತ್ತು. ಇನಾಮಿನ ಕಾಲವು ಕಳೆಯಿತು. ಹುಲಿಯು ತೋಟದ ಸೀಮೆಯನ್ನು ಬಿಟ್ಟು ಘಟ್ಟವನ್ನು ಸೇರಿತು. ಚಿರತೆಯು ಮಾತ್ರ ಉಳಿಯಿತು.

ಅದು ಏತಕ್ಕೆ ಉಳಿಯಿತೆಂಬುದನ್ನು ತಿಳಿಯಬೇಕಾದರೆ ನೆಲವನ್ನು ನೋಡಬೇಕು. ಬೆಳ್ತಂಗಡಿಯ ಮೂಡುದಿಕ್ಕಿಗೆ ಚಾರ್ಮಾಡಿಯ ಘಟ್ಟವೂ, ೧೯೮೭ರಲ್ಲಿ ಘೋಷಿತವಾದ ಕುದುರೆಮುಖ ರಾಷ್ಟ್ರೀಯ ಉದ್ಯಾನವೂ ಇವೆ. ಅಲ್ಲಿಂದ ಪಡುವಲಿಗೆ ಬಂಟ್ವಾಳ, ಮೂಡಬಿದ್ರೆಗಳ ವರೆಗೆ ಗುಡ್ಡ, ಹಾಡಿ, ಬೈಲು, ತೋಟಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಬಯಲುಸೀಮೆಯಲ್ಲಿರುವಂತೆ ಮನೆಗಳೆಲ್ಲ ಒಂದೆಡೆ ಗುಂಪಾಗಿರುವ ಊರು ನಮ್ಮದಲ್ಲ. ತೋಟಕ್ಕೊಂದು ಮನೆ, ಮನೆಗೊಂದು ಹಟ್ಟಿ, ಹಟ್ಟಿಗೊಂದು ನಾಯಿ. ವರ್ಗ ಜಮೀನಿಗೆ ತಾಗಿದ ಕುಮ್ಕಿಯು ಸೊಪ್ಪಿಗೂ ಕಟ್ಟಿಗೆಗೂ ಒದಗುತ್ತಿದ್ದ ಕಾಲದಲ್ಲಿ ಮೊಲ, ಹಂದಿ, ಬರ್ಕ ಮೊದಲಾದವು ಅಲ್ಲಿ ಬಾಳುತ್ತಿದ್ದುವು. ಚಿರತೆಗೆ ಅಲ್ಲಿಯೇ ಆಹಾರವಿತ್ತು. ಆ ಕುಮ್ಕಿಯ ಬಹುಭಾಗವು ಇಂದು ರಬ್ಬರು, ಗೇರು, ಅಡಿಕೆಗಳಾಗಿದೆ. ಅಡಗುವುದಕ್ಕೆ ಪೊದೆಯು ಉಳಿಯಿತು, ತಿನ್ನುವುದಕ್ಕೆ ಬೇಟೆಯು ಕಡಮೆಯಾಯಿತು.

ಇದು ನಮ್ಮ ಸೀಮೆಯೊಂದರ ವಿಶೇಷವೂ ಅಲ್ಲ. ೨೦೨೨ರ ಗಣತಿಯ ವರದಿಯನ್ನು ಕೇಂದ್ರ ಸರಕಾರವು ೨೦೨೪ರಲ್ಲಿ ಪ್ರಕಟಿಸಿತು. ಅದರ ಪ್ರಕಾರ ಭಾರತದಲ್ಲಿ ಸುಮಾರು ೧೩,೮೭೪ ಚಿರತೆಗಳಿವೆ; ಕರ್ನಾಟಕದ ಪಾಲು ೧,೮೭೯. ಮಧ್ಯಪ್ರದೇಶ, ಮಹಾರಾಷ್ಟ್ರಗಳ ತರುವಾಯ ಮೂರನೆಯ ಸ್ಥಾನವು ನಮ್ಮದು. ಇವುಗಳಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಚಿರತೆಗಳು ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಹೊರಗೇ ಬಾಳುತ್ತಿವೆ. “ಚಿರತೆ ಕಾಡಿನಲ್ಲಿರಲಿ, ಊರಿಗೇಕೆ ಬಂತು?” ಎಂಬ ಪ್ರಶ್ನೆಗೆ ಇದಕ್ಕಿಂತ ನೇರವಾದ ಉತ್ತರವಿಲ್ಲ. ಅದು ಊರಿಗೆ ಬಂದುದಲ್ಲ. ಊರಿನ ಅಂಚಿನಲ್ಲಿಯೇ ಇದ್ದುದು.

ಹಾಗಿದ್ದರೂ ಅಂಚಿನಲ್ಲಿದ್ದುದನ್ನು ಅಂಗಳಕ್ಕೆ ಕರೆದವರು ಯಾರು? ಹೇಳಲು ಸಂಕೋಚವಾದರೂ ಹೇಳಲೇಬೇಕು—ನಾವೇ. ಮಹಾರಾಷ್ಟ್ರದ ಅಕೋಲೆಯ ಕಬ್ಬಿನ ಸೀಮೆಯಲ್ಲಿ ಪ್ರಾಣಿಶಾಸ್ತ್ರಜ್ಞೆ ವಿದ್ಯಾ ಆತ್ರೇಯ ಮತ್ತು ಅವರ ಸಂಗಡಿಗರು ಚಿರತೆಗಳ ಮಲವನ್ನು ಪರೀಕ್ಷಿಸಿ, ೨೦೧೪ರಲ್ಲಿ ಪ್ರಕಟಿಸಿದ ಸಂಗತಿಯು ವಿಚಾರಾರ್ಹವಾಗಿದೆ. ಚಿರತೆಯ ಆಹಾರದ ತೂಕದಲ್ಲಿ ಶೇಕಡ ೮೭ರಷ್ಟು ಸಾಕುಪ್ರಾಣಿಗಳದು. ಅದರಲ್ಲಿಯೂ ನಾಯಿಯೊಂದರದೇ ಶೇಕಡ ೩೯. ಆಡಿನ ಪಾಲು ನಾಯಿಯದಕ್ಕಿಂತ ಎಷ್ಟೋ ಕಡಮೆ. ಅಂದರೆ, ಎಲ್ಲಿ ಬೀದಿನಾಯಿಗಳ ಹಿಂಡು ಬೆಳೆಯಿತೋ ಅಲ್ಲಿ ಚಿರತೆಗೆ ಊಟದ ಎಲೆಯನ್ನು ಹಾಸಿದಂತಾಯಿತು. ನಮ್ಮ ಹೆದ್ದಾರಿಗಳ ಬದಿಯನ್ನೂ, ಹೊಳೆಯ ದಡವನ್ನೂ ನೋಡಿರಿ. ಕೋಳಿ ಅಂಗಡಿಯ ಕಸವನ್ನು ಗೋಣಿಯಲ್ಲಿ ತುಂಬಿ ಕತ್ತಲಲ್ಲಿ ಎಸೆದು ಹೋಗುತ್ತಾರೆ. ಅದಕ್ಕೆ ನಾಯಿ ಬರುತ್ತದೆ, ಕುದ್ಕೆ ಬರುತ್ತದೆ. ನಾಯಿಯ ಹಿಂದೆ ಚಿರತೆ ಬರುತ್ತದೆ. ಕಸವೆಸೆದವನು ಪೇಟೆಯಲ್ಲಿ ನಿದ್ದೆ ಮಾಡುತ್ತಾನೆ. ಕಂದಾಯ ತೆರುವವನು ಗುಡ್ಡದ ಬದಿಯ ಬಡವ.

ಇನ್ನು ಬೋನಿನ ಮಾತು. ಹಿಡಿದು ದೂರದ ಕಾಡಿಗೆ ಬಿಟ್ಟರೆ ಪೀಡೆ ತೊಲಗಿತೆಂದು ಜನರು ನಂಬಿದ್ದಾರೆ. ಈ ನಂಬಿಕೆಯನ್ನು ಪುಣೆಯ ಜುನ್ನರ ತಾಲೂಕಿನಲ್ಲಿ ಪರೀಕ್ಷಿಸಿದಂತಾಗಿದೆ. ಅಲ್ಲಿ ೨೦೦೧ರಿಂದ ೨೦೦೩ರ ವರೆಗೆ ಅನೇಕ ಚಿರತೆಗಳನ್ನು ಹಿಡಿದು ಬೇರೆಡೆ ಬಿಟ್ಟರು. ಅದಕ್ಕೆ ಮುಂಚೆ ವರ್ಷಕ್ಕೆ ಸರಾಸರಿ ೪ರಷ್ಟಿದ್ದ ಮನುಷ್ಯರ ಮೇಲಣ ದಾಳಿಗಳು ಆ ಕಾಲದಲ್ಲಿ ೧೭ಕ್ಕೆ ಏರಿದುವು. ಬಿಟ್ಟ ಜಾಗಗಳ ಸುತ್ತಲೂ ದಾಳಿಗಳು ತೋರಿದುವು. ಕಾರಣವು ಸಾಮಾನ್ಯ ಬುದ್ಧಿಗೆ ನಿಲುಕುವಂಥದೇ. ಪ್ರತಿಯೊಂದು ಚಿರತೆಗೂ ತನ್ನದೊಂದು ಸರಹದ್ದಿದೆ. ಅಲ್ಲಿನ ನೀರು, ದಾರಿ, ಮನುಷ್ಯರ ಓಡಾಟದ ಹೊತ್ತು ಎಲ್ಲವೂ ಅದಕ್ಕೆ ಗೊತ್ತು. ಅದನ್ನು ಕಿತ್ತು ಪರದೇಶದಲ್ಲಿ ಎಸೆದರೆ ದಿಕ್ಕುಗೆಟ್ಟು ಅಲೆಯುತ್ತದೆ. ಇತ್ತ ತೆರವಾದ ಸರಹದ್ದಿಗೆ ಹೊಸ ಚಿರತೆಯು, ಅನೇಕ ಸಲ ಅನುಭವವಿಲ್ಲದ ಎಳೆಯದು, ಬಂದು ಸೇರುತ್ತದೆ. ಒಂದು ಊರಿನ ತೊಂದರೆಯು ಎರಡು ಊರಿಗೆ ಹಂಚಿಕೆಯಾಯಿತು, ಅಷ್ಟೇ. ಜುನ್ನರದ ಕಡೆಯಲ್ಲಿ ಈಚಿನ ವರ್ಷಗಳಲ್ಲಿಯೂ ಮನುಷ್ಯರ ಪ್ರಾಣಹಾನಿಯಾಗಿದೆಯೆಂಬುದನ್ನು ನಾವು ಮರೆಮಾಚುವುದಿಲ್ಲ. ಮನುಷ್ಯನ ಮೇಲೆ ಬಿದ್ದ ಮೃಗವನ್ನು ಹಿಡಿಯಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ನಾಯಿಯನ್ನು ಒಯ್ದುದಕ್ಕೆ, ಇಲ್ಲವೆ ಬರಿದೇ ರಸ್ತೆ ದಾಟಿದುದಕ್ಕೆ ಬೋನು ಇಡುವುದು ಬೇರೆ ಸಂಗತಿ.

ಕಾನೂನೂ ಇದನ್ನೇ ಹೇಳುತ್ತದೆ. ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಒಂದನೆಯ ಅನುಸೂಚಿಯಲ್ಲಿ ಚಿರತೆಯಿದೆ. ಮುಖ್ಯ ವನ್ಯಜೀವಿ ಪರಿಪಾಲಕರ ಅಪ್ಪಣೆಯಿಲ್ಲದೆ ಅದನ್ನು ಹಿಡಿಯುವಂತಿಲ್ಲ. ಬರಿದೇ ಕಣ್ಣಿಗೆ ಬಿದ್ದ ಮಾತ್ರಕ್ಕೆ ಚಿರತೆಯನ್ನು ಹಿಡಿಯಬಾರದೆಂಬುದು ಕೇಂದ್ರ ಸರಕಾರವು ೨೦೧೧ರಲ್ಲಿ ಹೊರಡಿಸಿದ ಮಾರ್ಗಸೂಚಿಯ ತಾತ್ಪರ್ಯ. ಹೀಗಿದ್ದೂ ಸ್ಥಳದ ಅಧಿಕಾರಿಗಳು ಬೋನು ಇಡುತ್ತಾರೆ. ಏತಕ್ಕೆಂದರೆ, ಇಡದಿದ್ದರೆ ಜನರು ಘೇರಾವು ಹಾಕುತ್ತಾರೆ, ಮುಂದಾಳುಗಳು ದೂರವಾಣಿಯಲ್ಲಿ ಗದರಿಸುತ್ತಾರೆ. ಅಧಿಕಾರಿಯನ್ನು ಹೀಗೆ ತಪ್ಪುದಾರಿಗೆ ನೂಕುವ ಜನಾಭಿಪ್ರಾಯವನ್ನು ತಿದ್ದಬೇಕಾದುದು ನಮ್ಮಂಥ ಪತ್ರಿಕೆಗಳ ಕರ್ತವ್ಯ. ಆ ಕರ್ತವ್ಯದಲ್ಲಿ ನಾವೂ ತಪ್ಪಿದ್ದೇವೆಂದು ಒಪ್ಪಿಕೊಳ್ಳುತ್ತೇವೆ.

ನಮ್ಮ ಸೀಮೆಯಲ್ಲಿ ಚಿರತೆಗೂ ಮನುಷ್ಯನಿಗೂ ಮುಖಾಮುಖಿಯಾಗುವ ಇನ್ನೊಂದು ಜಾಗವು ಆವರಣವಿಲ್ಲದ ಬಾವಿ. ಮುರಕಲ್ಲನ್ನು ಕಡಿದು ತೋಡಿದ ಬಾವಿಯ ಗೋಡೆಯು ನೇರವಾಗಿ ಇಳಿಯುತ್ತದೆ. ಕತ್ತಲಲ್ಲಿ ನಾಯಿಯನ್ನೋ ಕೋಳಿಯನ್ನೋ ಅಟ್ಟಿಕೊಂಡು ಬಂದ ಚಿರತೆಯು ಬಿದ್ದರೆ ಮೇಲೇರುವುದಕ್ಕೆ ದಾರಿಯಿಲ್ಲ. ೨೦೨೩ರ ಫೆಬ್ರವರಿಯಲ್ಲಿ ಮೂಡಬಿದ್ರೆಗೆ ಸಮೀಪದ ನಿಡ್ಡೋಡಿಯಲ್ಲಿ ಹೀಗೆ ಬಿದ್ದ ಎಳೆಯ ಚಿರತೆಯೊಂದು ಬಾವಿಯ ಗೋಡೆಯ ಪೊಟರೆಯೊಳಗೆ ಅಡಗಿ ಕುಳಿತಿತು. ಬೇರೆ ಪ್ರಯತ್ನಗಳು ಫಲಿಸದಿರಲು, ಒಬ್ಬ ತರುಣ ಪಶುವೈದ್ಯೆಯು ತಾನೇ ಬೋನಿನೊಳಗೆ ಕುಳಿತು, ಬಾವಿಗೆ ಇಳಿಸಿಕೊಂಡು, ಅರಿವಳಿಕೆಯ ಬಾಣವನ್ನು ಪ್ರಯೋಗಿಸಿ ಅದನ್ನು ಮೇಲಕ್ಕೆ ತಂದಳು. ಮನುಷ್ಯಳು ಬೋನಿನಲ್ಲಿ, ಮೃಗವು ಹೊರಗೆ! ಆಕೆಯ ಧೈರ್ಯಕ್ಕೆ ನಾವು ತಲೆಬಾಗುತ್ತೇವೆ. ಆದರೆ ಮೂರು ಅಡಿಯ ಬಾವಿಕಟ್ಟೆಯೊಂದಿದ್ದಿದ್ದರೆ ಅಂಥ ಸಾಹಸದ ಅಗತ್ಯವೇ ಬೀಳುತ್ತಿರಲಿಲ್ಲ. ಕಟ್ಟೆಯಿಲ್ಲದ ಬಾವಿಯು ಚಿರತೆಗೆ ಮಾತ್ರವೇ ಮೃತ್ಯುವೆಂದು ಯಾರೂ ತಿಳಿಯಬಾರದು; ಆಡುವ ಮಗುವಿಗೂ ಅದು ಮೃತ್ಯುವೇ.

ಕಡಬ ತಾಲೂಕಿನ ಬಿಳಿನೆಲೆಯಲ್ಲಿ ೨೦೨೧ರ ಫೆಬ್ರವರಿಯಲ್ಲಿ ನಡೆದುದೂ ಇಲ್ಲಿ ಸ್ಮರಣೀಯ. ನಾಯಿಯನ್ನು ಅಟ್ಟಿಕೊಂಡು ಬಂದ ಚಿರತೆಯು ಅದರ ಹಿಂದೆಯೇ ಮನೆಯೊಂದರ ಶೌಚಾಲಯವನ್ನು ಹೊಕ್ಕಿತು; ಮನೆಯಾಕೆಯು ಎದೆಗೆಡದೆ ಹೊರಗಿನಿಂದ ಚಿಲಕವಿಕ್ಕಿದಳು. ಗಂಟೆಗಟ್ಟಲೆ ಆ ಪುಟ್ಟ ಕೋಣೆಯೊಳಗೆ ನಾಯಿಯೊಂದು ಮೂಲೆಯಲ್ಲಿ, ಚಿರತೆಯೊಂದು ಮೂಲೆಯಲ್ಲಿ. ಕೊನೆಗೆ ಚಿರತೆಯು ಮಾಡಿನಿಂದ ಹಾರಿ ಓಡಿತು. ನಾಯಿಗೆ ಒಂದು ಗೀರೂ ಆಗಲಿಲ್ಲ. ಸೆರೆಸಿಕ್ಕ ಮೃಗವು ಹುಡುಕುವುದು ಆಹಾರವನ್ನಲ್ಲ, ದಾರಿಯನ್ನು. ಬಾವಿಯ ಸುತ್ತ, ಪೊದೆಯ ಸುತ್ತ ನೂರಾರು ಜನರು ಮುತ್ತಿ, ಕೂಗಿ, ಕಲ್ಲೆಸೆದು, ಚಿತ್ರ ತೆಗೆಯುವ ಆತುರದಲ್ಲಿ ಆ ದಾರಿಯನ್ನು ಮುಚ್ಚಿದರೆ ಅದು ಮೈಮೇಲೆ ಬೀಳದೆ ಏನು ಮಾಡೀತು? ಅಂಥ ಗಾಯಗಳಿಗೆ ಚಿರತೆಗಿಂತ ಗುಂಪೇ ಹೆಚ್ಚು ಹೊಣೆ.

ಹಂದಿಗೆಂದು ಒಡ್ಡುವ ಉರುಳಿನ ವಿಷಯವನ್ನು ಬಿಡುವಂತಿಲ್ಲ. ಬೈಕಿನ ಕ್ಲಚ್ಚಿನ ತಂತಿಯಿಂದ ಮಾಡಿದ ಉರುಳು ಹಂದಿಯನ್ನೂ ಚಿರತೆಯನ್ನೂ ಭೇದವೆಣಿಸದೆ ಹಿಡಿಯುತ್ತದೆ. ಸೊಂಟಕ್ಕೆ ತಂತಿ ಬಿಗಿದ ಚಿರತೆಯು ನರಳಿ ಸಾಯುತ್ತದೆ, ಇಲ್ಲವೆ ಗಾಯದೊಡನೆ ತಪ್ಪಿಸಿಕೊಂಡು, ಬೇಟೆಯಾಡಲಾರದೆ, ಹಟ್ಟಿಯ ಸುತ್ತ ಸುಳಿಯುತ್ತದೆ. ಫಸಲನ್ನು ಕಾಯಲು ಹೋಗಿ ತನ್ನ ಹಟ್ಟಿಗೆ ತಾನೇ ಕೇಡನ್ನು ತಂದುಕೊಂಡವನು ಮೂರರಿಂದ ಏಳು ವರ್ಷಗಳ ಸೆರೆವಾಸಕ್ಕೂ ಗುರಿಯಾಗುತ್ತಾನೆ.

ಹಾಗಾದರೆ ಮಾಡತಕ್ಕುದೇನು? ಗೃಹಸ್ಥನು ಮಾಡತಕ್ಕುದು: ರಾತ್ರಿ ಹಟ್ಟಿಗೂ ಕೋಳಿಗೂಡಿಗೂ ಬಾಗಿಲು, ನಾಯಿಯನ್ನು ಅಂಗಳದಲ್ಲಿ ಸಂಕಲೆ ಕಟ್ಟದೆ ಒಳಗೆ ಕೂಡುವುದು, ಮನೆಯ ಸುತ್ತಲಿನ ಪೊದೆಯನ್ನು ಸವರಿ ದಾರಿಗೆ ಬೆಳಕಿಡುವುದು, ಬಾವಿಗೆ ಕಟ್ಟೆ. ನಮ್ಮ ಹಿರಿಯರು ಸೂಟೆ ಬೀಸುತ್ತ, ಗಟ್ಟಿಯಾಗಿ ಮಾತಾಡುತ್ತ, ಇಬ್ಬರು ಮೂವರು ಕೂಡಿ ನಡೆಯುತ್ತಿದ್ದುದು ಹೇಡಿತನವಲ್ಲ, ವಿವೇಕ. ಕಂಡ ಕೂಡಲೆ ಗುಂಪುಗೂಡದೆ, ಅರಣ್ಯ ಇಲಾಖೆಯ ಸಹಾಯವಾಣಿ ೧೯೨೬ಕ್ಕೆ ತಿಳಿಸಬೇಕು.

ಸ್ಥಳೀಯ ಸಂಸ್ಥೆಗಳು ಮಾಡತಕ್ಕುದು: ಬಂಟ್ವಾಳ, ಮೂಡಬಿದ್ರೆಗಳ ಪುರಸಭೆಗಳೂ, ಬೆಳ್ತಂಗಡಿಯ ಪಟ್ಟಣ ಪಂಚಾಯತೂ, ಗ್ರಾಮ ಪಂಚಾಯತುಗಳೂ ಮಾಂಸದಂಗಡಿಗಳ ಕಸಕ್ಕೆ ಲೆಕ್ಕ ಕೇಳಬೇಕು, ಎಸೆದವನನ್ನು ಹಿಡಿದು ದಂಡಿಸಬೇಕು. ಬೀದಿನಾಯಿಗಳ ಸಂತಾನ ನಿಯಂತ್ರಣವು ೨೦೨೩ರ ನಿಯಮಗಳ ಪ್ರಕಾರ ಅವುಗಳದೇ ಹೊಣೆ. ಕಟ್ಟೆಯಿಲ್ಲದ ಬಾವಿಗಳ ಪಟ್ಟಿಯನ್ನು ವಾರ್ಡುವಾರಾಗಿ ಮಾಡಿದರೆ ಒಂದು ಬೇಸಗೆಯ ಕೆಲಸ.

ಸರಕಾರವು ಮಾಡತಕ್ಕುದು: ಕರುವನ್ನು ಕಳೆದುಕೊಂಡವನಿಗೆ ಪರಿಹಾರದ ಹಣವು ಕಚೇರಿಯಿಂದ ಕಚೇರಿಗೆ ಅಲೆಯದೆ ಬೇಗನೆ ಕೈಸೇರಬೇಕು. ತಡವಾಗಿ ಬಂದ ಪರಿಹಾರವು ಉರುಳಿಗೂ ವಿಷಕ್ಕೂ ದಾರಿ ಮಾಡುತ್ತದೆ. ಪಂಪುಸೆಟ್ಟಿನ ವಿದ್ಯುತ್ತನ್ನು ರಾತ್ರಿಯ ಪಾಳಿಯಲ್ಲಿ ಕೊಟ್ಟು, ರೈತನನ್ನು ನಡುರಾತ್ರಿ ತೋಟಕ್ಕೆ ಅಟ್ಟಿ, ಆಮೇಲೆ ಚಿರತೆಯನ್ನು ದೂರುವುದು ನ್ಯಾಯವಲ್ಲ. ಗುಡ್ಡದ ಬದಿಯ ತೋಟಗಳಿಗಾದರೂ ಹಗಲಿನಲ್ಲಿ ವಿದ್ಯುತ್ತು ಸಿಗುವಂತೆ ಮಾಡಬೇಕು.

ಸ್ವರಾಜ್ಯವು ಬಂದ ಮೇಲೂ ನಮಗೆ ಒಂದು ಹಳೆಯ ಚಾಳಿಯು ಬಿಟ್ಟಿಲ್ಲ. ಏನೇ ಆದರೂ ದೊರೆಗೆ ಅರ್ಜಿ ಬರೆದು, ದೊರೆಯು ಇನಾಮನ್ನೋ ಬೋನನ್ನೋ ಕಳುಹಿಸುವ ತನಕ ಜಗಲಿಯಲ್ಲಿ ಕುಳಿತಿರುವ ಚಾಳಿ. ತನ್ನ ಬಾವಿಗೆ ತಾನೇ ಕಟ್ಟೆ ಕಟ್ಟಿಕೊಳ್ಳಲಾರದ, ತನ್ನ ಕಸವನ್ನು ತಾನೇ ಹೂಳಲಾರದ ಊರಿಗೆ ಸ್ವರಾಜ್ಯದ ಹೆಸರು ಹೇಗೆ ಒಪ್ಪೀತು? ಈ ಬೇಸಗೆಯೊಳಗೆ ಮೂರು ತಾಲೂಕುಗಳಲ್ಲಿ ತಾಲೂಕಿಗೊಂದು ಗ್ರಾಮವಾದರೂ ತನ್ನ ಬಾವಿಗಳಿಗೆಲ್ಲ ಕಟ್ಟೆಯನ್ನೂ, ಹಟ್ಟಿಗಳಿಗೆಲ್ಲ ಬಾಗಿಲನ್ನೂ ಇಟ್ಟು ತೋರಿಸಲಿ. ಬೋನಿಗೆ ಬಿದ್ದ ಚಿರತೆಯ ಚಿತ್ರಕ್ಕೆ ಕೊಡುವುದಕ್ಕಿಂತ ದೊಡ್ಡ ಸ್ಥಳವನ್ನು ಆ ಗ್ರಾಮದ ಸುದ್ದಿಗೆ ಈ ಪತ್ರಿಕೆಯಲ್ಲಿ ಕೊಡುವೆವು.