ದೀಪಸ್ತಂಭವೋ, ದೀಪಗೃಹವೋ: ಒಂಟಾರಿಯೊ ಸರೋವರ ಮತ್ತು ಸೇಂಟ್ ಲಾರೆನ್ಸ್ ನದೀತೀರದ ಹಳೆಯ ದೀಪಗಳು

ನಾವಿಕರಿಗೆ ದಾರಿ ತೋರುವ ಲೈಟ್‌ಹೌಸ್‌ಗೆ ಕನ್ನಡದಲ್ಲಿ ದೀಪಸ್ತಂಭ, ದೀಪಗೃಹ ಎಂಬ ಎರಡು ಹೆಸರುಗಳು ಬಳಕೆಯಲ್ಲಿವೆ. ಮೊದಲನೆಯದು ದೇವಾಲಯದ ಮುಂದಿನ ದೀಪದ ಕಂಬಕ್ಕೂ ಸಲ್ಲುವ ಹೆಸರು. ಕಾಪುವಿನ ಕಡಲತೀರದಲ್ಲಿ 1901ರಲ್ಲಿ ನಿರ್ಮಾಣಗೊಂಡು ಬಂಡೆಯ ಮೇಲೆ ನಿಂತಿರುವ ಗೋಪುರವನ್ನು ಕಂಡವರಿಗೆ ಸ್ತಂಭವೆಂಬ ಮಾತು ಸಹಜವಾಗಿಯೇ ಒಪ್ಪಿಗೆಯಾಗುತ್ತದೆ. ಆದರೆ ಲೈಟ್‌ಹೌಸ್‌ಗಳೆಲ್ಲ ಕಡಲತೀರದವುಗಳಲ್ಲ. ಉತ್ತರ ಅಮೆರಿಕದ ಮಹಾಸರೋವರಗಳ ಹಾಗೂ ಅವುಗಳಿಂದ ಹೊರಡುವ ನದಿಯ ದಂಡೆಯಲ್ಲಿ ಹತ್ತೊಂಬತ್ತನೆಯ ಶತಮಾನದಲ್ಲಿ ಬೆಳೆದ ದೀಪಗಳ ಸಾಲನ್ನು ಪರಿಶೀಲಿಸಿದರೆ, ಗೃಹವೆಂಬ ಎರಡನೆಯ ಹೆಸರೇ ಅವುಗಳ ಸ್ವರೂಪಕ್ಕೆ ಹೆಚ್ಚು ಹತ್ತಿರವೆಂಬುದು ಸ್ಪಷ್ಟವಾಗುತ್ತದೆ. ಅಲ್ಲಿನ ದೀಪದ ಚರಿತ್ರೆಯು ಮೂಲತಃ ದೀಪ ಕಾಯ್ದವರ ಮನೆಯ ಚರಿತ್ರೆಯಾಗಿದೆ. ಈ ಅಂಶವನ್ನು ಒಂಟಾರಿಯೊ ಸರೋವರ ಮತ್ತು ಸೇಂಟ್ ಲಾರೆನ್ಸ್ ನದಿಯ ದೀಪಗಳ ಹಿನ್ನೆಲೆಯಲ್ಲಿ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶವಾಗಿದೆ.

ಜಲಮಾರ್ಗದ ಹಿನ್ನೆಲೆ

ಐದು ಮಹಾಸರೋವರಗಳಲ್ಲಿ ವಿಸ್ತೀರ್ಣದ ದೃಷ್ಟಿಯಿಂದ ಒಂಟಾರಿಯೊ ಅತಿ ಚಿಕ್ಕದು. ಆದರೂ ಅದರ ಉದ್ದ ಸುಮಾರು 310 ಕಿಲೋಮೀಟರ್. ನಡುವೆ ನಿಂತವರಿಗೆ ದಡ ಕಾಣದು. ಉತ್ತರದಲ್ಲಿ ಕೆನಡಾ, ದಕ್ಷಿಣದಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ನ್ಯೂಯಾರ್ಕ್ ರಾಜ್ಯ. ಪಶ್ಚಿಮದಲ್ಲಿ ನಯಾಗರ ನದಿಯ ನೀರು ಸರೋವರವನ್ನು ಸೇರುತ್ತದೆ. ಪೂರ್ವದಲ್ಲಿ ಸೇಂಟ್ ಲಾರೆನ್ಸ್ ನದಿಯಾಗಿ ಅದು ಅಟ್ಲಾಂಟಿಕ್ ಕಡೆಗೆ ಹರಿಯುತ್ತದೆ. ನದಿ ಆರಂಭವಾಗುವ ಭಾಗದಲ್ಲಿ 1,800ಕ್ಕೂ ಹೆಚ್ಚು ದ್ವೀಪಗಳಿದ್ದು, ಆ ಪ್ರದೇಶಕ್ಕೆ 'ಸಾವಿರ ದ್ವೀಪಗಳು' ಎಂಬ ಅರ್ಥದ ಹೆಸರೇ ರೂಢಿಯಲ್ಲಿದೆ.

1825ರಲ್ಲಿ ಈರಿ ಕಾಲುವೆಯೂ, 1828ರಲ್ಲಿ ಅದನ್ನು ಒಂಟಾರಿಯೊಕ್ಕೆ ಜೋಡಿಸಿದ ಆಸ್ವೀಗೊ ಕಾಲುವೆಯೂ, 1829ರಲ್ಲಿ ನಯಾಗರ ಜಲಪಾತವನ್ನು ಬಳಸಿಕೊಂಡು ಹೋಗುವ ವೆಲ್ಯಾಂಡ್ ಕಾಲುವೆಯೂ ತೆರೆದುಕೊಂಡವು. ಧಾನ್ಯ, ಮರಮಟ್ಟು ಹಾಗೂ ವಲಸಿಗರನ್ನು ಹೊತ್ತ ಹಡಗುಗಳ ಸಂಚಾರ ಹೆಚ್ಚಿತು. ಕಡಲಿನಲ್ಲಿ ದೀಪದ ಮುಖ್ಯ ಕಾರ್ಯ ದೂರದ ಹಡಗಿಗೆ ನೆಲದ ಸುಳಿವು ಕೊಡುವುದು. ಸರೋವರದಿಂದ ನದಿಗೆ ಇಳಿಯುವ ಹಡಗಿನ ಅಗತ್ಯ ಬೇರೆ. ಅದಕ್ಕೆ ನದೀಮುಖ ಎಲ್ಲಿದೆ, ನೀರಿನಡಿಯ ಬಂಡೆ ಯಾವ ಬದಿಯಲ್ಲಿದೆ, ಎರಡು ದ್ವೀಪಗಳ ನಡುವೆ ಆಳವಾದ ದಾರಿ ಯಾವುದು ಎಂಬುದು ತಿಳಿಯಬೇಕಿತ್ತು. ಆದ್ದರಿಂದ ಇಲ್ಲಿ ಬೇಕಾದುದು ಒಂದು ಎತ್ತರದ ದೀಪವಲ್ಲ. ಒಂದರಿಂದ ಇನ್ನೊಂದಕ್ಕೆ ದಾರಿ ಒಪ್ಪಿಸುವ ಅನೇಕ ದೀಪಗಳ ಸರಪಳಿ.

ಮನೆಯ ಮೇಲಿನ ದೀಪ

ಈ ಸರಪಳಿಯ ಆರಂಭವೇ ಒಂದು ವಾಸದ ಕಟ್ಟಡದ ಮೇಲಾಯಿತೆಂಬುದು ಗಮನಾರ್ಹ. ನಯಾಗರ ನದೀಮುಖದ ಕೋಟೆಯಲ್ಲಿ ಫ್ರೆಂಚರು ಕಟ್ಟಿದ್ದ ಕಲ್ಲಿನ ಮಹಲಿನ ಛಾವಣಿಯ ಮೇಲೆ 1780ರ ದಶಕದ ಆರಂಭದಲ್ಲಿ ಬ್ರಿಟಿಷರು ದೀಪವೊಂದನ್ನು ಇರಿಸಿದರು. ಮಹಾಸರೋವರಗಳ ಮೊದಲ ನೌಕಾದೀಪವೆಂದು ಸಾಮಾನ್ಯವಾಗಿ ಇದನ್ನೇ ಗುರುತಿಸಲಾಗುತ್ತದೆ. ಸಾಮನ್ ನದೀಮುಖದ ಸೆಲ್‌ಕರ್ಕ್‌ನಲ್ಲಿ 1838ರಲ್ಲಿ ನಿರ್ಮಾಣಗೊಂಡ ದೀಪವೂ ಇದೇ ಬಗೆಯದು. ಅದು ಕಲ್ಲಿನ ಎರಡಂತಸ್ತಿನ ಮನೆ. ಛಾವಣಿಯ ಮೇಲೆ ಸಣ್ಣ ಗಾಜುಗಳನ್ನು ಕಬ್ಬಿಣದ ಸರಳುಗಳಲ್ಲಿ ಕೂರಿಸಿದ, ಹಕ್ಕಿಯ ಪಂಜರದಂತೆ ಕಾಣುವ ದೀಪಕೋಣೆ. ಈ ಬಗೆಯ ದೀಪಕೋಣೆಗಳಲ್ಲಿ ಇಂದು ಉಳಿದಿರುವುವು ಬೆರಳೆಣಿಕೆಯಷ್ಟು ಮಾತ್ರ.

ನದಿಯ ಭಾಗದಲ್ಲಿ 1847ರಲ್ಲಿ ರಾಕ್ ಐಲ್ಯಾಂಡ್, ಸಂಕನ್ ರಾಕ್, ಕ್ರಾಸೋವರ್ ಐಲ್ಯಾಂಡ್ ಎಂಬ ಮೂರು ದೀಪಗಳು ಸ್ಥಾಪನೆಯಾದವು. ರಾಕ್ ಐಲ್ಯಾಂಡಿನ ಮೊದಲ ಕಟ್ಟಡವು ಛಾವಣಿಯ ಮೇಲೆ ದೀಪಕೋಣೆಯಿದ್ದ ಇಟ್ಟಿಗೆಯ ಮನೆಯಾಗಿತ್ತು. 1882ರಲ್ಲಿ ಅಲ್ಲಿ ಕಬ್ಬಿಣದ ಪ್ರತ್ಯೇಕ ಗೋಪುರವೂ ಪಾಲಕನಿಗೆ ಬೇರೆ ಮನೆಯೂ ನಿರ್ಮಾಣಗೊಂಡವು. ಇಲ್ಲಿಂದ ಮುಂದೆ ದೀಪವೂ ಮನೆಯೂ ಮೆಲ್ಲಮೆಲ್ಲನೆ ಬೇರ್ಪಟ್ಟವು.

ಎಲ್ಲ ಕಡೆಯೂ ಮನೆಯ ಮೇಲೆಯೇ ದೀಪವಿತ್ತೆಂದು ಇದರಿಂದ ಭಾವಿಸಬೇಕಾಗಿಲ್ಲ. ಟೊರಾಂಟೊದ ಜಿಬ್ರಾಲ್ಟರ್ ಪಾಯಿಂಟಿನಲ್ಲಿ 1808ರಲ್ಲಿ ಎದ್ದದ್ದು ಕಲ್ಲಿನ ಷಟ್ಕೋನ ಗೋಪುರ. ಸರೋವರವು ನದಿಯಾಗುವ ಸ್ಥಾನದಲ್ಲಿರುವ ಟಿಬೆಟ್ಸ್ ಪಾಯಿಂಟಿನಲ್ಲಿ 1827ರಲ್ಲಿ ಸ್ಥಾಪನೆಯಾಗಿ 1854ರಲ್ಲಿ ಮರುನಿರ್ಮಾಣಗೊಂಡದ್ದು ದುಂಡನೆಯ ಗೋಪುರ. ಆದರೆ ಅಂತಹ ಕಡೆಗಳಲ್ಲಿಯೂ ಗೋಪುರದ ಪಕ್ಕದಲ್ಲಿ ಪಾಲಕನ ಮನೆ ಇರಲೇಬೇಕಾಗಿತ್ತು.

ದೀಪಪಾಲಕನ ದುಡಿಮೆ

ಮನೆಯ ಅನಿವಾರ್ಯತೆಗೆ ಕಾರಣ ದೀಪದ ಸ್ವಭಾವದಲ್ಲಿಯೇ ಇದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಅಮೆರಿಕದ ದೀಪಗಳಲ್ಲಿ ತಿಮಿಂಗಿಲದ ಎಣ್ಣೆಯಿಂದ ಉರಿಯುವ ಬತ್ತಿಗಳೂ ಅವುಗಳ ಹಿಂದೆ ಬೆಳಕನ್ನು ಮುಂದಕ್ಕೆ ತಳ್ಳುವ ಲೋಹದ ಪ್ರತಿಫಲಕಗಳೂ ಇದ್ದವು. ಫ್ರಾನ್ಸಿನ ಅಗಸ್ಟಿನ್ ಫ್ರೆನೆಲ್ ರೂಪಿಸಿದ ಮಸೂರವು 1823ರಲ್ಲಿಯೇ ಅಲ್ಲಿನ ಕಾರ್ದುವಾನ್ ದೀಪದಲ್ಲಿ ಬಳಕೆಗೆ ಬಂದಿತ್ತು. ಗಾಜಿನ ಅನೇಕ ಪಟ್ಟಿಗಳನ್ನು ಸುತ್ತಲೂ ಜೋಡಿಸಿ, ಚದುರಿಹೋಗುವ ಬೆಳಕನ್ನು ಬಾಗಿಸಿ ಒಂದೇ ಕಿರಣಪುಂಜವಾಗಿ ಕಳಿಸುವುದು ಅದರ ತತ್ತ್ವ. ಅಮೆರಿಕದಲ್ಲಿ ಅದು ವ್ಯಾಪಕವಾದದ್ದು 1852ರಲ್ಲಿ ದೀಪಗಳ ಆಡಳಿತಕ್ಕೆ ಹೊಸ ಮಂಡಳಿ ರಚನೆಯಾದ ನಂತರ. ಮುಂದೆ ಎಣ್ಣೆಯೂ ಬದಲಾಗಿ ಸೀಮೆಎಣ್ಣೆ ಬಂದಿತು.

ಉಪಕರಣ ಯಾವುದಾದರೂ ಕೆಲಸದ ಕ್ರಮ ಮಾತ್ರ ಒಂದೇ. ಸಂಜೆ ದೀಪ ಹೊತ್ತಿಸಬೇಕು. ರಾತ್ರಿ ಎದ್ದು ಬತ್ತಿಯ ಕರಿ ಕತ್ತರಿಸಬೇಕು, ಎಣ್ಣೆ ತುಂಬಬೇಕು. ಬೆಳಿಗ್ಗೆ ಗಾಜಿಗೆ ಹಿಡಿದ ಮಸಿಯನ್ನು ಒರೆಸಬೇಕು. ಚಳಿಗಾಲದಲ್ಲಿ ನೀರು ಹೆಪ್ಪುಗಟ್ಟಿ ಸಂಚಾರ ನಿಂತಾಗ ಮಾತ್ರ ಬಿಡುವು. ದೀಪವನ್ನು ಬಿಟ್ಟು ಹೋಗಲಾಗದವನಿಗೆ ದೀಪವಿರುವಲ್ಲಿಯೇ ಮನೆ ಬೇಕು.

ಈ ವೃತ್ತಿಯ ಅಪಾಯಗಳಿಗೆ ಇದೇ ತೀರದಲ್ಲಿ ನಿದರ್ಶನಗಳಿವೆ. ಜಿಬ್ರಾಲ್ಟರ್ ಪಾಯಿಂಟಿನ ಮೊದಲ ಪಾಲಕ, ಜರ್ಮನ್ ಮೂಲದ ರಾಡೆಲ್‌ಮುಲ್ಲರ್, 1815ರ ಜನವರಿ 2ರಂದು ಕೊಲೆಯಾದನು. ಆರೋಪ ಹೊತ್ತ ಇಬ್ಬರು ಸೈನಿಕರು ವಿಚಾರಣೆಯಲ್ಲಿ ಬಿಡುಗಡೆಯಾದರು. ಇದಕ್ಕೆ ವಿರುದ್ಧ ಬಗೆಯ ಕಥೆ ವಿಲಿಯಂ ಜಾನ್‌ಸ್ಟನ್‌ನದು. 1838ರ ಮೇ ತಿಂಗಳಲ್ಲಿ ಸಂಗಡಿಗರೊಡನೆ 'ಸರ್ ರಾಬರ್ಟ್ ಪೀಲ್' ಎಂಬ ಬ್ರಿಟಿಷ್ ಉಗಿಹಡಗನ್ನು ಸುಟ್ಟು, ನದಿಗಳ್ಳನೆಂದು ಕುಖ್ಯಾತನಾದ ಈತನೇ 1853ರಲ್ಲಿ ರಾಕ್ ಐಲ್ಯಾಂಡಿನ ದೀಪಪಾಲಕನಾಗಿ ನೇಮಕಗೊಂಡನು. ನದಿಯ ಪ್ರತಿಯೊಂದು ತಿರುವನ್ನೂ ಬಲ್ಲವನು ಹಡಗು ಸುಡುವುದಕ್ಕೂ ಹಡಗು ಕಾಯುವುದಕ್ಕೂ ಸಮರ್ಥನಾಗಿದ್ದನು.

ಅತ್ಯಂತ ದಾರುಣವಾದ ಘಟನೆ ನಡೆದದ್ದು ಆಸ್ವೀಗೊ ಬಂದರಿನಲ್ಲಿ. ಅಲ್ಲಿ 1934ರಲ್ಲಿ ಅಲೆತಡೆಯ ತುದಿಯಲ್ಲಿ ಕಟ್ಟಿದ ದೀಪವು ಸುತ್ತಲೂ ನೀರಿದ್ದರೂ ಕೆಂಪು ಛಾವಣಿಯ ಮನೆಯ ಆಕಾರದಲ್ಲಿದೆ. 1942ರ ಡಿಸೆಂಬರ್ ಆರಂಭದಲ್ಲಿ ಬಿರುಗಾಳಿಯಿಂದಾಗಿ ಅಲ್ಲಿನ ಪಾಲಕನು ಕೆಲವು ದಿನ ದೀಪದಲ್ಲಿಯೇ ಸಿಕ್ಕಿಬಿದ್ದಿದ್ದನು. ಡಿಸೆಂಬರ್ 4ರಂದು ಕರಾವಳಿ ರಕ್ಷಣಾ ಪಡೆಯ ದೋಣಿಯೊಂದು ಬದಲಿ ಕಾವಲುಗಾರರನ್ನು ಅಲ್ಲಿ ಇಳಿಸಿ ಅವನನ್ನು ಕರೆತರುವಾಗ ಅವಘಡಕ್ಕೀಡಾಯಿತು. ಅವನೂ ಸೇರಿದಂತೆ ಆರು ಮಂದಿ ಮಡಿದರು. ದೀಪ ಆರದಿರಲು ಮನುಷ್ಯನೇ ಅಲ್ಲಿರಬೇಕೆಂಬ ವ್ಯವಸ್ಥೆಯ ಬೆಲೆ ಎಷ್ಟೆಂಬುದನ್ನು ಈ ಘಟನೆ ತಿಳಿಸುತ್ತದೆ. 1968ರಲ್ಲಿ ಈ ದೀಪ ಸ್ವಯಂಚಾಲಿತವಾಯಿತು. ಯಂತ್ರದ ಆಗಮನವನ್ನು ಕೇವಲ ಪರಂಪರೆಯ ನಷ್ಟವೆಂದು ಕಾಣುವುದು ಇಂತಹ ಕಡೆಗಳಲ್ಲಿ ಸಾಧುವಲ್ಲ.

ಅವನತಿ ಮತ್ತು ಉಳಿವು

ದೀಪಗಳ ಅವನತಿಗೆ ಯಂತ್ರವೊಂದೇ ಕಾರಣವಲ್ಲ. ಜೆನೆಸೀ ನದೀಮುಖದ ಷಾರ್ಲಟ್‌ನಲ್ಲಿ 1822ರಲ್ಲಿ ಕಲ್ಲಿನ ಗೋಪುರ ನಿರ್ಮಾಣವಾದಾಗ ಅದು ನೀರಿನ ಅಂಚಿನಲ್ಲಿತ್ತು. ಬಂದರಿನ ಅನುಕೂಲಕ್ಕಾಗಿ ನದೀಮುಖದಲ್ಲಿ ಕಟ್ಟಿದ ಗೋಡೆಗಳ ಬದಿಯಲ್ಲಿ ಮರಳು ಸಂಗ್ರಹವಾಗಿ ದಂಡೆ ಮುಂದಕ್ಕೆ ಬೆಳೆಯಿತು. ಗೋಪುರ ನೆಲದ ನಡುವೆ ಉಳಿಯಿತು. 1881ರಲ್ಲಿ ಅದರ ದೀಪವನ್ನು ಆರಿಸಲಾಯಿತು. ಆದರೆ ಪಾಲಕರ ಮನೆ ಆಮೇಲೆಯೂ ಉಪಯೋಗದಲ್ಲಿತ್ತು. 1959ರಲ್ಲಿ ಸೇಂಟ್ ಲಾರೆನ್ಸ್ ಜಲಮಾರ್ಗ ತೆರೆದು ದೊಡ್ಡ ಹಡಗುಗಳು ಸರೋವರಗಳಿಗೆ ಬರತೊಡಗುವ ವೇಳೆಗೆ ರಾಕ್ ಐಲ್ಯಾಂಡಿನ ದೀಪವೂ ನಿವೃತ್ತವಾಗಿತ್ತು. ಸಂಚಾರಕ್ಕಾಗಿ ಹುಟ್ಟಿದ ದೀಪಗಳನ್ನು ಸಂಚಾರದ ಸುಧಾರಣೆಯೇ ಹಿಂದಕ್ಕೆ ಸರಿಸಿತು.

1965ರಲ್ಲಿ ಷಾರ್ಲಟ್ ಗೋಪುರವನ್ನು ಕೆಡವಲಾಗುವುದೆಂಬ ಸುದ್ದಿ ಹಬ್ಬಿದಾಗ ಅದನ್ನು ಉಳಿಸಲು ಮುಂದಾದವರು ಅಲ್ಲಿನ ಪ್ರೌಢಶಾಲೆಯ ವಿದ್ಯಾರ್ಥಿಗಳು. ಅವರ ಪತ್ರ ಚಳುವಳಿಯ ಫಲವಾಗಿ ಕಟ್ಟಡ ಉಳಿಯಿತು. ಆ ಗೋಪುರ ಹಡಗಿಗೆ ದಾರಿ ತೋರಿದ್ದನ್ನು ಆ ಮಕ್ಕಳಲ್ಲಿ ಯಾರೂ ಕಂಡಿರಲಿಲ್ಲವೆಂಬುದನ್ನು ಇಲ್ಲಿ ನೆನೆಯಬೇಕು. ಸರ್ಕಾರಗಳ ಕಾನೂನುಗಳು ಬಂದದ್ದು ಬಹಳ ತಡವಾಗಿ. ಅಮೆರಿಕದಲ್ಲಿ ಚಾರಿತ್ರಿಕ ದೀಪಗಳ ಸಂರಕ್ಷಣಾ ಕಾಯ್ದೆ 2000ದಲ್ಲಿಯೂ ಕೆನಡಾದಲ್ಲಿ ಅಂತಹುದೇ ಕಾಯ್ದೆ 2008ರಲ್ಲಿಯೂ ಅಂಗೀಕಾರವಾದವು. 2013ರಲ್ಲಿ ರಾಕ್ ಐಲ್ಯಾಂಡ್ ರಾಜ್ಯ ಉದ್ಯಾನವಾಗಿ ಸಾರ್ವಜನಿಕರಿಗೆ ತೆರೆಯಿತು.

ಒಟ್ಟಿನಲ್ಲಿ, ಸರೋವರ ಮತ್ತು ನದೀತೀರದ ಈ ಕಟ್ಟಡಗಳು ಉಳಿದುಕೊಂಡದ್ದು ದೀಪದ ಉಪಯೋಗದಿಂದಲ್ಲ, ಅವು ಮನುಷ್ಯರು ಬಾಳಿದ ಮನೆಗಳಾಗಿದ್ದುದರಿಂದ. ದೀಪ ಆರಿದ ಸ್ತಂಭಕ್ಕೆ ಬೇರೆ ಉಪಯೋಗವಿಲ್ಲ. ದೀಪ ಆರಿದ ಮನೆಯಲ್ಲಿ ಜನ ಇರಬಲ್ಲರು, ನೆನಪುಗಳನ್ನು ಕಾಪಾಡಬಲ್ಲರು. ದೀಪಗೃಹವೆಂಬ ಕನ್ನಡ ಪದವು ಬೆಳಕಿನ ಜೊತೆಗೆ ಆ ಬೆಳಕನ್ನು ಕಾಯ್ದವರ ಬದುಕನ್ನೂ ಒಳಗೊಳ್ಳುವುದರಿಂದ, ಈ ತೀರದ ದೀಪಗಳಿಗೆ ಅದೇ ತಕ್ಕ ಹೆಸರೆನ್ನಬಹುದು.