ವಾಶ್ ಅಪ್ ಅಂದ್ರೆ ತೊಳೀಬೇಕಾದ್ದು ಏನನ್ನ?

ಊಟ ಆಯ್ತು.
ಮನೆಯವರು ‘ವಾಶ್ ಅಪ್ ಮಾಡಿ’ ಅಂದ್ರು.
ನೀವು ಪಾತ್ರೆ ತೊಳೀತೀರೋ, ಕೈ-ಮುಖವೋ?

ಲಂಡನ್ನಲ್ಲಾದ್ರೆ ಪಾತ್ರೆ.
ನ್ಯೂಯಾರ್ಕಲ್ಲಾದ್ರೆ ಕೈ-ಮುಖ.

ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಲ್ಲಿ ಎರಡು ಬಸ್ ನಿಂತ ಹಾಗೆ.
ಬೋರ್ಡು ಒಂದೇ.
ಆದ್ರೆ ಒಂದು ಸುರತ್ಕಲ್‌ಗೆ ಹೋಗ್ತದೆ,
ಇನ್ನೊಂದು ತಲಪಾಡಿಗೆ!

ನಮ್ಮ ಮಂಗಳೂರಿಗೆ ಎರಡೂ ಇಂಗ್ಲಿಷ್ ಬೇಕು.
1799ರಲ್ಲಿ ಟಿಪ್ಪು ಸತ್ತ ಮೇಲೆ ಊರು ಬ್ರಿಟಿಷರ ಕೈಗೆ ಹೋಯ್ತು.
ಶಾಲೆಗೆ ಬಂದದ್ದು ಅವರ ಇಂಗ್ಲಿಷ್.
ಈಗ ಕೊಟ್ಟಾರ, ಮುಡಿಪುವಿನಲ್ಲಿ ಐಟಿ ಆಫೀಸು ಉಂಟು,
ಅಮೆರಿಕದ ಗಿರಾಕಿಗಳೂ ಉಂಟು.
ನರ್ಸಿಂಗ್ ಕಲಿತವರಂತೂ ಎರಡೂ ದೇಶಕ್ಕೆ ಹೋಗ್ತಾರೆ.

ಪಾತ್ರೆ ವಿಷಯ ಬಿಡಿ, ನಗುವಲ್ಲಿ ಮುಗೀತದೆ.
ಅಪಾಯ ಇರೋದು ‘ನಾಕ್ ಅಪ್’ನಲ್ಲಿ.

ಬ್ರಿಟನ್ನಿನ ಹಳೇ ಬಳಕೆಯಲ್ಲಿ ಅದು
ಬಾಗಿಲು ಬಡಿದು ಎಬ್ಬಿಸೋದು.
ಅಲಾರಾಂ ಮನೆಮನೆಗೆ ಬರುವ ಮೊದಲು
ದುಡ್ಡು ತಗೊಂಡು
ಕಾರ್ಖಾನೆ ಕೆಲಸಗಾರರನ್ನ ಎಬ್ಬಿಸುವವರೇ ಅಲ್ಲಿದ್ದರು.
ಕೆಲವರು ಉದ್ದ ಕೋಲಿನಿಂದ ಕಿಟಕಿಗೇ ಬಡೀತಿದ್ದರು!

ಅಮೆರಿಕದಲ್ಲಿ?
ಗರ್ಭಿಣಿ ಮಾಡೋದು!

ಅಲ್ಲಿನ ಹೋಟೆಲಲ್ಲಿ
‘ಬೆಳಿಗ್ಗೆ ಆರಕ್ಕೆ ನಾಕ್ ಮಿ ಅಪ್’ ಅಂದ್ರೆ…
ಮುಗೀತು ಮಾರಾಯ್ರೆ ಕಥೆ.

‘ವೇಕ್ ಮಿ ಅಪ್’ ಅನ್ನಿ.
ಅದು ಎರಡೂ ಕಡೆ ನಡೀತದೆ.