ಅಂಕ 527, ಶೇಕಡಾ ಮೈನಸ್ 20! ತಪ್ಪು ಎಲ್ಲಿದೆ?

ಎಸ್‌ಎಸ್‌ಎಲ್‌ಸಿ ಪರೀಕ್ಷೆಯಲ್ಲಿ 625ಕ್ಕೆ 527 ಅಂಕ ಪಡೆದ ವಿದ್ಯಾರ್ಥಿಗೆ ಶೇಕಡಾ ಎಷ್ಟು? ಕಾಗದದ ಮೇಲೆ ಲೆಕ್ಕ ಹಾಕಿದರೆ 84.32. ಇದೇ ಲೆಕ್ಕಕ್ಕೆ ಸಿ ಭಾಷೆಯಲ್ಲಿ ಒಂದು ಪ್ರೋಗ್ರಾಂ ಬರೆದು, ಎರಡು ಅಂಕಗಳನ್ನೂ ಪೂರ್ಣಾಂಕಗಳೆಂದು ಘೋಷಿಸಿ, 527ನ್ನು 625ರಿಂದ ಭಾಗಿಸಿ 100ರಿಂದ ಗುಣಿಸು ಎಂದರೆ ಕಂಪ್ಯೂಟರ್ ಕೊಡುವ ಉತ್ತರ ಸೊನ್ನೆ! ಮೊದಲು ಗುಣಿಸಿ ಆಮೇಲೆ ಭಾಗಿಸು ಎಂದರೆ, ನಮ್ಮ ಕಾಲೇಜುಗಳಲ್ಲಿ ಬಹುಕಾಲ ಬಳಕೆಯಲ್ಲಿದ್ದ ಟರ್ಬೊ ಸಿ ತಂತ್ರಾಂಶ ಕೊಡುವ ಉತ್ತರ ಮೈನಸ್ 20!

ಸೂತ್ರ ಸರಿಯಾಗಿದೆ. ಅಂಕಗಳೂ ಸರಿಯಾಗಿವೆ. ಕಂಪ್ಯೂಟರ್ ‘ತಪ್ಪಿದೆ’ ಎಂದು ಒಂದು ಮಾತೂ ಹೇಳಲಿಲ್ಲ. ಹಾಗಾದರೆ ದೋಷ ಎಲ್ಲಿದೆ? ಪ್ರೋಗ್ರಾಂನ ದೋಷ ಹುಡುಕಿ ತಿದ್ದುವ ಕೆಲಸಕ್ಕೆ ಡಿಬಗ್ಗಿಂಗ್ ಎಂದು ಹೆಸರು. ಈ ಕೆಲಸದಲ್ಲಿ ಹೆಚ್ಚಿನ ವಿದ್ಯಾರ್ಥಿಗಳು ಬೆಲೆಯನ್ನಷ್ಟೇ ನೋಡುತ್ತಾರೆ. ಆ ಬೆಲೆ ಯಾವ ಬಗೆಯದು ಎಂಬುದನ್ನು ನೋಡುವುದಿಲ್ಲ. ಗುಟ್ಟು ಇರುವುದೇ ಅಲ್ಲಿ.

ಲಿಪಿ ಒಂದು, ಭಾಷೆ ಇನ್ನೊಂದು

ಮೂಡುಬಿದಿರೆಯ ಬಸದಿಯಲ್ಲಿ ಶತಮಾನಗಳ ಕಾಲ ಜೋಪಾನವಾಗಿ ಉಳಿದುಬಂದ ಧವಲಾ ಗ್ರಂಥದ ತಾಳೆಗರಿಗಳು ಪ್ರಸಿದ್ಧವಾಗಿವೆ. ಅವುಗಳ ಲಿಪಿ ಹಳಗನ್ನಡದ್ದು. ಭಾಷೆ ಮಾತ್ರ ಮುಖ್ಯವಾಗಿ ಪ್ರಾಕೃತ. ಲಿಪಿ ಬಲ್ಲವರು ಅದನ್ನು ಕನ್ನಡವೆಂದುಕೊಂಡು ಓದಲು ಹೊರಟರೆ ಅಕ್ಷರಗಳು ಗುರುತು ಸಿಕ್ಕರೂ ಅರ್ಥ ಹೊಳೆಯುವುದಿಲ್ಲ. ಯಾವ ಭಾಷೆಯೆಂದು ಮೊದಲು ತಿಳಿಯಬೇಕು.

ಕಂಪ್ಯೂಟರಿನ ಸ್ಮರಣೆಯೂ ಹೀಗೆಯೇ. ಅಲ್ಲಿರುವ ಅಕ್ಷರಗಳು ಎರಡೇ, 0 ಮತ್ತು 1. 01000001 ಎಂಬ ಎಂಟು ಬಿಟ್‌ಗಳನ್ನು ಪೂರ್ಣಾಂಕವೆಂದು ಓದಿದರೆ 65. ಅಕ್ಷರವೆಂದು ಓದಿದರೆ ಇಂಗ್ಲಿಷಿನ ದೊಡ್ಡ ‘ಎ’. ಹೇಗೆ ಓದಬೇಕೆಂದು ಹೇಳುವುದೇ ಡೇಟಾ ಟೈಪ್, ಅಂದರೆ ದತ್ತಾಂಶದ ಬಗೆ.

ಈಗ ಅಂಕಪಟ್ಟಿಗೆ ಬರೋಣ. ಎರಡು ಪೂರ್ಣಾಂಕಗಳನ್ನು ಭಾಗಿಸಿದಾಗ ಸಿ ಭಾಷೆ ದಶಮಾಂಶದ ಭಾಗವನ್ನು ಕತ್ತರಿಸಿ ಎಸೆಯುತ್ತದೆ. 0.8432ರಲ್ಲಿ ಉಳಿಯುವುದು ಸೊನ್ನೆ. ಅದನ್ನು ನೂರರಿಂದ ಗುಣಿಸಿದರೂ ಸೊನ್ನೆಯೇ. ಮೈನಸ್ 20ರ ಕಥೆ ಬೇರೆ. ಟರ್ಬೊ ಸಿಯಲ್ಲಿ ಪೂರ್ಣಾಂಕಕ್ಕೆ ಇರುವ ಜಾಗ 16 ಬಿಟ್. ಅದರಲ್ಲಿ ಹಿಡಿಯುವ ಅತಿ ದೊಡ್ಡ ಸಂಖ್ಯೆ 32767. ಹಳೆಯ ಬಸ್ಸಿನ ಕಿಲೋಮೀಟರ್ ಮಾಪಕ 99999 ದಾಟಿದೊಡನೆ ಸೊನ್ನೆಗೆ ಮರಳುವಂತೆ, ಇದು 32767 ದಾಟಿದೊಡನೆ ಮೈನಸ್ 32768ಕ್ಕೆ ಜಿಗಿಯುತ್ತದೆ. 527ನ್ನು 100ರಿಂದ ಗುಣಿಸಿದ 52700 ಅಲ್ಲಿ ಮೈನಸ್ 12836 ಆಗುತ್ತದೆ. ಅದನ್ನು 625ರಿಂದ ಭಾಗಿಸಿ ದಶಮಾಂಶ ಕತ್ತರಿಸಿದರೆ ಮೈನಸ್ 20. 100ರ ಬದಲು 100.0 ಎಂದು ಬರೆದು ಗುಣಿಸಿ, ಉತ್ತರವನ್ನು ದಶಮಾಂಶ ಹಿಡಿಯುವ ‘ಫ್ಲೋಟ್’ ಬಗೆಯಲ್ಲಿಟ್ಟು, ಅದಕ್ಕೆ ಹೊಂದುವ ಗುರುತಿನಿಂದ ಮುದ್ರಿಸಿದರೆ 84.32 ಬರುತ್ತದೆ.

ಮೂರು ಊರು, ಮೂರು ಪರೀಕ್ಷೆ

ಮನೆಯಲ್ಲೇ ಮಾಡಿ ನೋಡಬಹುದಾದ ಒಂದು ಪ್ರಯೋಗವಿದೆ. ಬಂಟ್ವಾಳದ ಪಿನ್ ಕೋಡ್ 574211, ಬೆಳ್ತಂಗಡಿಯದು 574214, ಮೂಡುಬಿದಿರೆಯದು 574227. ಇವನ್ನು 16 ಬಿಟ್‌ನ ಪೂರ್ಣಾಂಕದಲ್ಲಿ ತುಂಬಿದರೆ ಸಿಗುವುದು ಕ್ರಮವಾಗಿ ಮೈನಸ್ 15613, ಮೈನಸ್ 15610, ಮೈನಸ್ 15597. ಅಂಚೆಯಣ್ಣ ಹುಡುಕಿ ಸುಸ್ತಾಗಬೇಕು! 32 ಬಿಟ್‌ನ ಪೂರ್ಣಾಂಕದಲ್ಲಾದರೆ ಇವು ಸುಲಭವಾಗಿ ಹಿಡಿಯುತ್ತವೆ.

ಆದರೆ ಪಿನ್ ಕೋಡುಗಳನ್ನು ಯಾರೂ ಕೂಡಿಸುವುದಿಲ್ಲ, ಭಾಗಿಸುವುದಿಲ್ಲ. ಅದು ನೋಟಕ್ಕೆ ಸಂಖ್ಯೆ, ಸ್ವಭಾವದಲ್ಲಿ ಹೆಸರು. ಬಂಟ್ವಾಳದ ಎಸ್‌ಟಿಡಿ ಸಂಖ್ಯೆ 08255. ಕೀಲಿಮಣೆಯಿಂದ ಪೂರ್ಣಾಂಕವಾಗಿ ತೆಗೆದುಕೊಂಡರೆ ಮುಂದಿನ ಸೊನ್ನೆ ಮಾಯವಾಗಿ 8255 ಉಳಿಯುತ್ತದೆ. ಇಂಥವನ್ನು ‘ಸ್ಟ್ರಿಂಗ್’, ಅಂದರೆ ಅಕ್ಷರಮಾಲೆಯಾಗಿ ಇಡುವುದೇ ಕ್ಷೇಮ.

ಅಂಕಗಳನ್ನು ಅಕ್ಷರಮಾಲೆಯಾಗಿ ಇಟ್ಟರೆ ಮಾತ್ರ ಅನಾಹುತ. ನಿಘಂಟಿನ ಕ್ರಮದಲ್ಲಿ ಮೊದಲ ಅಕ್ಷರದಿಂದ ಹೋಲಿಕೆ ನಡೆಯುವುದರಿಂದ ‘100’ ಎಂಬುದು ‘35’ಕ್ಕಿಂತ ಚಿಕ್ಕದಾಗುತ್ತದೆ. ನೂರಕ್ಕೆ ನೂರು ಪಡೆದ ಹುಡುಗಿ ಪಟ್ಟಿಯ ತಳಕ್ಕೆ! ಪೈಥಾನ್ ಭಾಷೆಯಲ್ಲಿ ಕೀಲಿಮಣೆಯಿಂದ ಬಂದದ್ದೆಲ್ಲ ಮೊದಲು ಅಕ್ಷರಮಾಲೆಯೇ ಆಗಿರುವುದರಿಂದ ಹೊಸಬರು ಇಲ್ಲಿ ಎಡವುವುದು ಸಾಮಾನ್ಯ.

ಕನ್ನಡ ಹೆಸರುಗಳಲ್ಲಿ ಇನ್ನೊಂದು ಸೋಜಿಗವಿದೆ. ‘ಬಂಟ್ವಾಳ’ ಕಣ್ಣಿಗೆ ಮೂರು ಅಕ್ಷರ. ಯುನಿಕೋಡ್ ಪದ್ಧತಿಯಲ್ಲಿ ಸೊನ್ನೆ, ಒತ್ತು, ದೀರ್ಘ ಎಲ್ಲಕ್ಕೂ ಬೇರೆ ಸಂಕೇತಗಳಿರುವುದರಿಂದ ಪೈಥಾನ್ ಅದರ ಉದ್ದವನ್ನು 7 ಎನ್ನುತ್ತದೆ. ಯುಟಿಎಫ್-8 ಎಂಬ ಕ್ರಮದಲ್ಲಿ ಉಳಿಸಿದಾಗ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕಾದ್ದರಿಂದ ಸಿ ಭಾಷೆ 21 ಎನ್ನುತ್ತದೆ. ‘ಬೆಳ್ತಂಗಡಿ’ಗೆ ಇದೇ ಲೆಕ್ಕದಲ್ಲಿ 4, 9, 27, ‘ಮೂಡುಬಿದಿರೆ’ಗೆ 5, 10, 30. ಮೂರೂ ಉತ್ತರ ಸರಿಯೇ. ಎಣಿಸಿದ ವಸ್ತು ಬೇರೆ.

ನೋಡುವ ಕ್ರಮ

ದಶಮಾಂಶದ ಬೆಲೆಗಳನ್ನು ನೋಡುವಾಗ ಇನ್ನೂ ಎಚ್ಚರ ಬೇಕು. ದ್ವಿಮಾನ ಪದ್ಧತಿಯಲ್ಲಿ 0.1ನ್ನು ಕರಾರುವಾಕ್ಕಾಗಿ ಬರೆಯಲಾಗದು. ಆದ್ದರಿಂದ ಪೈಥಾನ್‌ನಲ್ಲಿ 0.1ಕ್ಕೆ 0.2 ಕೂಡಿಸಿದರೆ ಬರುವುದು 0.30000000000000004. ಎರಡು ಸ್ಥಾನಕ್ಕೆ ಮೊಟಕುಗೊಳಿಸಿ ಮುದ್ರಿಸಿದರೆ 0.30 ಎಂದೇ ಕಾಣುತ್ತದೆ, ಆದರೆ ‘0.3ಕ್ಕೆ ಸಮವೇ?’ ಎಂದು ಕೇಳಿದರೆ ‘ಅಲ್ಲ’ ಎಂಬ ಉತ್ತರ ಬರುತ್ತದೆ. ಇಲ್ಲಿ ಸಮವೇ ಎಂದು ಕೇಳದೆ, ವ್ಯತ್ಯಾಸ ಅತ್ಯಲ್ಪವೇ ಎಂದು ಕೇಳಬೇಕು.

ಟರ್ಬೊ ಸಿಯಲ್ಲಿ ಎಫ್7 ಕೀಲಿ ಒತ್ತುತ್ತಾ ಒಂದೊಂದೇ ಸಾಲು ಮುಂದುವರಿಯಬಹುದು. ಕಂಟ್ರೋಲ್ ಮತ್ತು ಎಫ್7 ಒಟ್ಟಿಗೆ ಒತ್ತಿ ಬೇಕಾದ ಚರಾಂಕದ ಮೇಲೆ ಕಾವಲು ಇಡಬಹುದು. ಪೈಥಾನ್‌ನಲ್ಲಿ ‘ಟೈಪ್’ ಎಂಬ ಆದೇಶ ಬಗೆಯನ್ನು ಹೇಳುತ್ತದೆ. ಸರಣಿಯನ್ನು ನೋಡುವಾಗ ಮೊದಲ ಅಂಶ, ಕೊನೆಯ ಅಂಶ, ಒಟ್ಟು ಎಣಿಕೆ ಈ ಮೂರನ್ನು ಪರಿಶೀಲಿಸಬೇಕು. ನಲವತ್ತು ವಿದ್ಯಾರ್ಥಿಗಳ ಸರಣಿಯ ಮನೆಗಳು 0ಯಿಂದ 39ರವರೆಗೆ. 40ನೆಯದನ್ನು ಕೇಳಿದರೆ ನೆರೆಮನೆಗೆ ನುಗ್ಗಿದಂತೆ. ಪಾಯಿಂಟರ್ ಆದರೆ ಅದರಲ್ಲಿರುವುದು ವಿಳಾಸ. ಆ ವಿಳಾಸದಲ್ಲಿ ಏನಿದೆ ಎಂಬುದನ್ನೂ ನೋಡಬೇಕು. ಸಿ ಭಾಷೆಯಲ್ಲಿ ಫ್ಲೋಟ್ ಬೆಲೆಯನ್ನು ಪೂರ್ಣಾಂಕದ ಗುರುತಿನಿಂದ ಮುದ್ರಿಸಿದರೆ ಅಸಂಬದ್ಧ ಸಂಖ್ಯೆ ಕಾಣುತ್ತದೆ. ಅಲ್ಲಿ ಬೆಲೆ ಸರಿಯಿದ್ದು, ಹಾಕಿಕೊಂಡ ಕನ್ನಡಕವೇ ತಪ್ಪಾಗಿರುತ್ತದೆ.

ಇದು ಬರೀ ತರಗತಿಯ ಮಾತಲ್ಲ. 1996ರ ಜೂನ್ 4ರಂದು ಐರೋಪ್ಯ ದೇಶಗಳ ಏರಿಯಾನ್-5 ರಾಕೆಟ್ ತನ್ನ ಮೊದಲ ಹಾರಾಟದಲ್ಲೇ ಸುಮಾರು 40 ಸೆಕೆಂಡುಗಳಲ್ಲಿ ನಾಶವಾಯಿತು. 64 ಬಿಟ್‌ನ ದಶಮಾಂಶ ಬೆಲೆಯೊಂದನ್ನು 16 ಬಿಟ್‌ನ ಪೂರ್ಣಾಂಕಕ್ಕೆ ಬದಲಾಯಿಸುವಾಗ ಅದು ಹಿಡಿಯದೆ ಹೋದದ್ದೇ ಮೂಲ ಕಾರಣ. ಹಿಂದಿನ ಏರಿಯಾನ್-4ರಲ್ಲಿ ತೊಂದರೆ ಕೊಡದ ತಂತ್ರಾಂಶವನ್ನೇ ಇಲ್ಲಿ ಮತ್ತೆ ಬಳಸಲಾಗಿತ್ತು. ನಮ್ಮ ಅಂಕಪಟ್ಟಿಯನ್ನು ಮೈನಸ್ 20ಕ್ಕೆ ಇಳಿಸಿದ್ದೂ ಅದೇ 16 ಬಿಟ್‌ನ ಜಾಗ.

ಪ್ರಾಯೋಗಿಕ ಪರೀಕ್ಷೆಗೆಂದು ಪ್ರೋಗ್ರಾಂಗಳನ್ನು ಬಾಯಿಪಾಠ ಮಾಡುವ ಮಕ್ಕಳು ಮೈನಸ್ 20 ಕಂಡೊಡನೆ ಕೈಚೆಲ್ಲುತ್ತಾರೆ. ಇಲ್ಲವೇ ಕಂಡ ಕಂಡ ಸಾಲು ತಿದ್ದುತ್ತಾರೆ. ಕಂಪ್ಯೂಟರ್ ತಿಳಿಯದ ತಂದೆ ತಾಯಿಯರೂ ಅಂಥ ಹೊತ್ತಿನಲ್ಲಿ ಮಕ್ಕಳಿಗೆ ನಾಲ್ಕು ಪ್ರಶ್ನೆ ಕೇಳಬಹುದು: ‘ಎಷ್ಟು ಬರಬೇಕಿತ್ತು? ಎಷ್ಟು ಬಂತು? ಯಾವ ಸಾಲಿನಲ್ಲಿ ಮೊದಲು ವ್ಯತ್ಯಾಸವಾಯಿತು? ಅಲ್ಲಿರುವುದು ಯಾವ ಬಗೆಯ ದತ್ತಾಂಶ?’ ಇವುಗಳಿಗೆ ಉತ್ತರ ಹುಡುಕುವ ಮಗು ತಿದ್ದುವ ಮೊದಲು ನೋಡುವುದನ್ನು ಕಲಿಯುತ್ತದೆ.